ನೂರು ಪುಟ ಹೇಳಿದರೂ ಸಾಕ್ಷಿ ಒಂದೇ ಇರಬಹುದು

‘ಶಿವನಸಮುದ್ರ ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ.’ ಅಂತರ್ಜಾಲದಲ್ಲಿ ಬೇಕಾದಷ್ಟು ಕಡೆ ಸಿಗುವ ಈ ಸಾಲು ಮಂಡ್ಯದ ಮಕ್ಕಳ ಪ್ರಾಜೆಕ್ಟ್‌ಗೂ ಸುಲಭವಾಗಿ ನುಸುಳುತ್ತದೆ. ಆಕರ ಪರೀಕ್ಷಿಸುವುದನ್ನು ಕಲಿಸಲು ಈ ಒಂದು ಸಾಲು, ಒಂದು ಪೀರಿಯಡ್ ಸಾಕು.

ಮೂವರಿಗೊಂದು ಫೋನ್ ಕೊಟ್ಟು, ಪರೀಕ್ಷಿಸಬೇಕಾದ ಮಾತನ್ನು ಮೊದಲು ನೋಟ್‌ಬುಕ್ಕಿನಲ್ಲಿ ಬರೆಸಿ. ಯಾವ ಕೇಂದ್ರ, ಯಾವ ಇಸವಿ, ಯಾವುದರಲ್ಲಿ ಮೊದಲು? ಇಷ್ಟು ಸ್ಪಷ್ಟವಾಗದೆ ಹುಡುಕಲು ಬಿಟ್ಟರೆ ಮಕ್ಕಳು ಸಿಕ್ಕಿದ್ದನ್ನೆಲ್ಲ ಗೀಚಿಕೊಂಡು ಬರುತ್ತಾರೆ.

ಆಮೇಲೆ, ಆ ಸಾಲು ಸಿಕ್ಕ ಪುಟದಿಂದ ಹೊರಗೆ ಬರಲು ಹೇಳಿ. ಚೆಂದದ ವಿನ್ಯಾಸ, ಉದ್ದನೆಯ ಆಕರಪಟ್ಟಿ, ಕೊನೆಯಲ್ಲಿ ‘ಡಾಟ್ ಆರ್ಗ್’ ಕಂಡರೆ ಮಕ್ಕಳು ನಂಬಿಬಿಡುತ್ತಾರೆ. ಆದರೆ ಡಾಟ್ ಆರ್ಗ್ ವಿಳಾಸವನ್ನು ಯಾರು ಬೇಕಾದರೂ ಕೊಳ್ಳಬಹುದು. ಹೊಸ ಟ್ಯಾಬ್ ತೆರೆದು, ಈ ತಾಣ ಯಾರದ್ದು, ಇದರ ಬಗ್ಗೆ ಬೇರೆಯವರು ಏನನ್ನುತ್ತಾರೆ ಎಂದು ನೋಡಿಸಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೃತ್ತಿಪರ ಸತ್ಯಶೋಧಕರು ಮಾಡಿದ್ದು ಇದನ್ನೇ. ಪುಟದೊಳಗೇ ಉಳಿದು ಓದಿದ ಇತಿಹಾಸ ವಿದ್ವಾಂಸರೂ ಹಲವು ಬಾರಿ ಮೋಸಹೋದರು.

ಹೆಚ್ಚಿನವರು ಎಡವುವುದು ಹುಡುಕುವ ಪದಗಳಲ್ಲಿ. ‘ಶಿವನಸಮುದ್ರ ಏಷ್ಯಾದ ಮೊದಲ’ ಎಂದು ಟೈಪಿಸಿದರೆ ಅದನ್ನೇ ಹೇಳುವ ಪುಟಗಳು ಸಾಲುಗಟ್ಟುತ್ತವೆ. ಹೆಸರು ಬಿಟ್ಟು ‘ಏಷ್ಯಾ ಹಳೆಯ ಜಲವಿದ್ಯುತ್ ಕೇಂದ್ರ’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹುಡುಕಿಸಿ. ಡಾರ್ಜಿಲಿಂಗ್‌ನ ಸಿದ್ರಾಪೊಂಗ್ 1897ರಲ್ಲೇ ಶುರುವಾಗಿತ್ತು, ಜಪಾನಿನ ಕ್ಯೋಟೊದ ಕೆಆಗೆ 1891ರಲ್ಲಿ. ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿ ಮುಟ್ಟಿದ್ದು 1902ರಲ್ಲಿ. ‘ಮೊದಲ’ ಬಿದ್ದುಹೋಯಿತೆಂದು ಮಕ್ಕಳು ಸಪ್ಪಗಾಗಬೇಕಿಲ್ಲ. ಸುಮಾರು 147 ಕಿ.ಮೀ. ದೂರಕ್ಕೆ ಆ ಕಾಲದಲ್ಲಿ ವಿದ್ಯುತ್ ಸಾಗಿಸಿದ್ದು ಸಣ್ಣ ಸಾಧನೆಯಲ್ಲ. ಪ್ರಾಜೆಕ್ಟ್‌ನಲ್ಲಿ ಬರೆಯಬೇಕಾದ ಸಾಲು ಅದು.

‘ಹತ್ತು ಕಡೆ ಇದೆಯಲ್ಲ ಮೇಷ್ಟ್ರೇ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಆ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿಸಿ. ಅಕ್ಷರ ಬದಲಾಗದೆ ಹತ್ತು ತಾಣಗಳಲ್ಲಿ ಬಂದರೆ ಅದು ಹತ್ತು ಸಾಕ್ಷಿಯಲ್ಲ, ಒಂದೇ ಮೂಲದ ನಕಲು. ಯಾವುದು ಎಲ್ಲಕ್ಕಿಂತ ಹಳೆಯದು, ಅದು ಯಾವ ದಾಖಲೆಯನ್ನು ತೋರಿಸುತ್ತದೆ ಎಂಬುದೇ ಮುಂದಿನ ಪ್ರಶ್ನೆ.

ವಿಕಿಪೀಡಿಯವನ್ನು ನಿಷೇಧಿಸಬೇಡಿ. ಅಡಿಟಿಪ್ಪಣಿ ಒತ್ತಿ ಮೂಲಕ್ಕೆ ಹೋಗಲು, ‘ಇತಿಹಾಸ’ ಟ್ಯಾಬಿನಲ್ಲಿ ಯಾವಾಗ ಏನು ತಿದ್ದಿದ್ದಾರೆಂದು ನೋಡಲು ಕಲಿಸಿ. ಎಐ ಚಾಟ್‌ಬಾಟ್ ಕೊಟ್ಟ ಪುಸ್ತಕ, ಪ್ರಬಂಧಗಳ ಹೆಸರನ್ನಂತೂ ಒಂದೊಂದಾಗಿ ಹುಡುಕಲೇಬೇಕು. ಇಲ್ಲದ ಪುಸ್ತಕಕ್ಕೂ ಅದು ಲೇಖಕ, ಇಸವಿ, ಪುಟಸಂಖ್ಯೆ ಕಟ್ಟಿಕೊಡಬಲ್ಲದು.

ಅಂಕ ಕೊಡುವಾಗ ಹತ್ತರಲ್ಲಿ ನಾಲ್ಕನ್ನಾದರೂ ಹುಡುಕಾಟದ ಟಿಪ್ಪಣಿಗೆ ಮೀಸಲಿಡಿ: ಏನು ಟೈಪಿಸಿದರು, ಯಾವ ಪುಟ ಬಿಟ್ಟರು, ಏಕೆ ಬಿಟ್ಟರು. ಉತ್ತರಕ್ಕೆ ಮಾತ್ರ ಅಂಕ ಸಿಗುವುದಾದರೆ ನಕಲು ನಿಲ್ಲುವುದಿಲ್ಲ.

ಮುಂದಿನ ವಾರಕ್ಕೆ ಕನ್ನಂಬಾಡಿ ಕಟ್ಟೆಯನ್ನು ಎತ್ತಿಕೊಳ್ಳಿ. ‘ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೇ ಕಟ್ಟಿ ಮುಗಿಸಿದರು’ ಎಂಬ ಮಾತನ್ನು ಬೋರ್ಡಿನ ಮೇಲೆ ಬರೆಯಿರಿ. ಕೆಲಸ ಶುರುವಾದ ಇಸವಿ, ಅವರು ದಿವಾನಗಿರಿ ಬಿಟ್ಟ ಇಸವಿ, ಕಟ್ಟೆ ಮುಗಿದ ಇಸವಿ ಮೂರನ್ನೂ ಬೇರೆ ಬೇರೆ ಮೂಲಗಳಿಂದ ತರಲು ಹೇಳಿ. ಅವರು ಹುದ್ದೆ ಬಿಟ್ಟದ್ದು 1918ರಲ್ಲಿ. ಉಳಿದೆರಡನ್ನು ಮಕ್ಕಳೇ ಹುಡುಕಲಿ.