ಎ.ಎಂ.ಎಚ್. 0.8 ಅಂತ ಬಂದ ಮೇಲೆ

ನನ್ನ ವಯಸ್ಸು 33, ಎ.ಎಂ.ಎಚ್. (ಅಂಡಾಶಯದಲ್ಲಿ ಎಷ್ಟು ಅಂಡಾಣು ಉಳಿದಿವೆ ಅಂತ ಅಂದಾಜು ಕೊಡುವ ಹಾರ್ಮೋನಿನ ರಕ್ತಪರೀಕ್ಷೆ) 0.8. ಇವೆರಡರಲ್ಲಿ ಜಾಸ್ತಿ ತೂಕ ಇರೋದು ವಯಸ್ಸಿಗೆ ಅಂತ ಬಿಡಿಸಿ ಹೇಳಿದ್ದು ಶಿವಮೊಗ್ಗದ ಡಾಕ್ಟರು. ಲ್ಯಾಬಿನ ಕಾಗದದಲ್ಲಿ ಮಾತ್ರ 0.8ರ ಪಕ್ಕ ದಪ್ಪಕ್ಷರದಲ್ಲಿ ‘ಲೋ’ ಅಂತಷ್ಟೇ ಇತ್ತು.

ನಮ್ಮದು ತೀರ್ಥಹಳ್ಳಿ ಕಡೆ. ಮದುವೆಯಾಗಿ ಎರಡು ವರ್ಷ ದಾಟಿದರೂ ಬಸಿರು ನಿಂತಿರಲಿಲ್ಲ. ಮದುವೆಗೆ ಮುಂಚೆ ಅಂಡಾಶಯದ ಚಾಕೊಲೇಟ್ ಸಿಸ್ಟ್ (ಹಳೇ ರಕ್ತ ತುಂಬಿದ ಗಂಟು) ತೆಗೆಸಿದ್ದೆ. ಅದನ್ನು ಹೇಳಿದ ಕೂಡಲೇ ಡಾಕ್ಟರು ಎ.ಎಂ.ಎಚ್. ಬರೆದುಕೊಟ್ಟರು. ಸಿಸ್ಟ್ ಬಿಡಿಸುವಾಗ ಅಂಟಿಕೊಂಡಿರುವ ಒಳ್ಳೆಯ ಭಾಗವೂ ಸ್ವಲ್ಪ ಹೋಗುತ್ತದಂತೆ, ಅದರ ಜೊತೆ ಅಂಡಾಣುಗಳೂ.

ಎ.ಎಂ.ಎಚ್.ಗೆ ತಿಂಗಳಲ್ಲಿ ಯಾವತ್ತು ಬೇಕಾದರೂ ರಕ್ತ ಕೊಡಬಹುದು. ಎಫ್.ಎಸ್.ಎಚ್., ಎಸ್ಟ್ರಾಡಯೋಲ್ ಅನ್ನುವ ಬೇರೆ ಹಾರ್ಮೋನು ಪರೀಕ್ಷೆಗಳು ಹಾಗಲ್ಲ. ಮುಟ್ಟಾದ ಎರಡರಿಂದ ನಾಲ್ಕನೇ ದಿನದೊಳಗೆ ಕೊಡಬೇಕು. ಆ ಹೊಟ್ಟೆನೋವಲ್ಲಿ ಮಂಡಗದ್ದೆ ದಾಟಿ ಶಿವಮೊಗ್ಗದವರೆಗೆ ಬಸ್ಸಲ್ಲಿ ಕೂರೋದು ಯಾರಿಗೆ ಬೇಕು? ರಕ್ತ, ಸ್ಕ್ಯಾನ್ ಎಲ್ಲ ಅದೇ ದಿನ ಮುಗಿಸಿಕೊಳ್ಳಿ. ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ, ಎ.ಎಂ.ಎಚ್. ಇರುವುದಕ್ಕಿಂತ ಕಡಿಮೆ ಬರಬಹುದು. ಕೂದಲಿಗೆ ಅಂತ ಬಯೋಟಿನ್ ವಿಟಮಿನ್ ಮಾತ್ರೆ ನುಂಗುವವರೂ ಹೇಳಬೇಕು, ಅದು ಕೆಲವು ಯಂತ್ರಗಳ ಲೆಕ್ಕ ಕೆಡಿಸುತ್ತದೆ. ಅಂಕಿಯ ಪಕ್ಕದ ಅಳತೆಯನ್ನೂ ನೋಡಿ. ನನ್ನದು ನ್ಯಾನೋಗ್ರಾಂ ಲೆಕ್ಕ. ಅದೇ 0.8 ಪಿಕೋಮೋಲ್ ಲೆಕ್ಕದಲ್ಲಿ 5.7 ಆಗುತ್ತದೆ. ನಾದಿನಿಯ ರಿಪೋರ್ಟ್ ಪಕ್ಕ ಇಟ್ಟು ಹೋಲಿಸುವವರಿಗೆ ಈ ಮಾತು.

ಸ್ಕ್ಯಾನ್ ಒಳಗಿನಿಂದ ಮಾಡುತ್ತಾರೆ. ಮುಜುಗರ ಆಗುತ್ತದೆ, ನೋವು ಅಷ್ಟಿಲ್ಲ. ಪರದೆಯನ್ನು ನನ್ನ ಕಡೆ ತಿರುಗಿಸಿಟ್ಟಿದ್ದರು. ಬೂದು ಬಣ್ಣದ ನಡುವೆ ಪುಟ್ಟ ಪುಟ್ಟ ಕಪ್ಪು ಗುಂಡುಗಳು. ಅವು ಅಂಡಾಣು ಬೆಳೆಯುವ ಪುಟ್ಟ ಚೀಲಗಳು; 2ರಿಂದ 10 ಮಿಲಿಮೀಟರ್ ಒಳಗಿನವನ್ನು ಮಾತ್ರ ಎಣಿಸುತ್ತಾರೆ. ‘ಬಲಗಡೆ ನಾಲ್ಕು’ ಅಂದರು. ಆಪರೇಷನ್ ಆಗಿದ್ದ ಎಡಗಡೆ ಸುಮಾರು ಹೊತ್ತು ಹುಡುಕಿ, ‘ಇಲ್ಲಿ ಎರಡು’ ಅಂದರು. ಒಟ್ಟು ಆರು ಅಂದರೆ ಕಡಿಮೆಯೇ. ಅಲ್ಲಿಗೆ ರಕ್ತದ ಲೆಕ್ಕಕ್ಕೂ ಸ್ಕ್ಯಾನಿನ ಲೆಕ್ಕಕ್ಕೂ ತಾಳೆಯಾಯಿತು.

‘ಹಾಗಾದ್ರೆ ನಂಗೆ ಮಗು ಆಗಲ್ವಾ ಮೇಡಂ?’ ಅಂದೆ. ಅವರೂ ನಮ್ಮ ಕಡೆಯವರೇ ಇರಬೇಕು. ‘ಮರದಲ್ಲಿ ಎಷ್ಟು ಕೊನೆ ಇದೆ ಅಂತ ಕೆಳಗೆ ನಿಂತು ಎಣಿಸಬಹುದು. ಒಳಗೆ ಅಡಿಕೆ ಹೇಗಿದೆ ಅಂತ ಗೊತ್ತಾಗುತ್ತಾ?’ ಅಂದರು. ಎ.ಎಂ.ಎಚ್. ಹೇಳೋದು ಎಣಿಕೆ. ಅಂಡಾಣು ಎಷ್ಟು ಚೆನ್ನಾಗಿದೆ ಅನ್ನೋದು ಮುಖ್ಯವಾಗಿ ವಯಸ್ಸಿನ ಮೇಲೆ ಹೋಗುತ್ತದೆ. ಬಸಿರು ನಿಲ್ಲೋಕೆ ತಿಂಗಳಿಗೆ ಒಂದು ಸಾಕಲ್ವಾ?

ಅಮೆರಿಕದಲ್ಲಿ 30ರಿಂದ 44 ವರ್ಷದ ಹೆಂಗಸರ ಮೇಲೆ ಮಾಡಿದ ಒಂದು ಅಧ್ಯಯನ 2017ರಲ್ಲಿ ಬಂತು. ಎ.ಎಂ.ಎಚ್. ಕಡಿಮೆ ಇದ್ದವರೂ ಉಳಿದವರಷ್ಟೇ ಸಹಜವಾಗಿ ಬಸಿರಾದರು ಅಂತ ಅದರಲ್ಲಿದೆ. ಓದಿ ಕುಣಿಯುವ ಹಾಗೆ ಆಯಿತು. ಆದರೆ ಅವರೆಲ್ಲ ಮಗು ಆಗುತ್ತಿಲ್ಲ ಅಂತ ಒದ್ದಾಡಿದವರಲ್ಲ, ಆಗಷ್ಟೇ ಪ್ರಯತ್ನ ಶುರು ಮಾಡಿದವರು. ನಮಗೆ ಎರಡು ವರ್ಷ ಕಳೆದಿತ್ತು. ಹಾಗಾಗಿ ನನ್ನ ಮಟ್ಟಿಗೆ 0.8 ಅಂದರೆ ‘ಆಗಲ್ಲ’ ಅಂತಲ್ಲ, ‘ಕಾಯಬೇಡ’ ಅಂತ. ಐವಿಎಫ್‌ಗೆ (ಅಂಡಾಣು ಹೊರತೆಗೆದು ಲ್ಯಾಬಿನಲ್ಲಿ ಭ್ರೂಣ ಮಾಡುವ ಚಿಕಿತ್ಸೆ) ಹೋದರೆ ಇಂಜೆಕ್ಷನ್ನಿಗೆ ಅಂಡಾಣು ಕಡಿಮೆ ಸಿಗುತ್ತವೆ ಅಂತ.

‘ಎಂತ ಅಂದ್ರೇ ಡಾಕ್ಟ್ರು?’ ಅಂತ ಅತ್ತೆ ಕೇಳಿದರು. ಹೇಳಿದ್ದಕ್ಕೆ ಯಾವುದೋ ಲೇಹ್ಯದ ಹೆಸರು ತೆಗೆದರು. ಎ.ಎಂ.ಎಚ್. ಏರಿಸುತ್ತೇವೆ ಅನ್ನುವ ಪುಡಿ, ಮಾತ್ರೆ ಬೇಕಾದಷ್ಟಿವೆ. ಹೋದ ಅಂಡಾಣುಗಳನ್ನು ಯಾವುದೂ ವಾಪಸ್ ತರೋದಿಲ್ಲ. ನಾನಂತೂ ಆ ದುಡ್ಡು ಉಳಿಸಿದೆ.

ಇವರ ವೀರ್ಯ ಪರೀಕ್ಷೆ ಮಾತ್ರ ‘ಕೊನೆಕೊಯ್ಲು ಮುಗೀಲಿ’ ಅಂತ ಮುಂದೆ ಹೋಗುತ್ತಲೇ ಇತ್ತು. ಎರಡರಿಂದ ಏಳು ದಿನ ವೀರ್ಯ ಹೋಗದ ಹಾಗೆ ಇದ್ದು ಒಂದು ಸ್ಯಾಂಪಲ್ ಕೊಡೋದಷ್ಟೇ ಗಂಡಸರ ಕೆಲಸ. ಸೂಜಿ ಕೂಡ ಇಲ್ಲ! ಅದನ್ನು ಹೆಂಡತಿಯ ಪರೀಕ್ಷೆಗಳ ಜೊತೆಗೇ ಮಾಡಿಸಬೇಕು ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಕೊನೆಗೂ ಮಾಡಿಸಿದರು, ಸರಿಯಾಗಿತ್ತು. ನನ್ನ ಥೈರಾಯ್ಡೂ ಸರಿ ಇತ್ತು. ಗರ್ಭನಾಳದ ಎಕ್ಸ್‌ರೇಯಲ್ಲಿ ಎಡಗಡೆಯದು ಮುಚ್ಚಿದೆ ಅಂತ ಗೊತ್ತಾಯಿತು.

ಇಷ್ಟೆಲ್ಲ ನೋಡಿ ಐವಿಎಫ್‌ಗೇ ಹೊರಟಿದ್ದೇವೆ. ಅದು ಒಂದು ಸುತ್ತಿಗೆ ಮುಗಿಯದೇ ಇರಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದಾರೆ. ಅದಕ್ಕೇ ಎರಡು ಸುತ್ತಿನ ದುಡ್ಡು ಹೊಂದಿಸಿಕೊಂಡೇ ಶುರು ಮಾಡುತ್ತಿದ್ದೇವೆ. ಅಡಿಕೆ ಮಂಡಿಯಿಂದ ದುಡ್ಡು ಬಂದಿದೆ. ಮನೆಯ ಮಾಡಿನ ರಿಪೇರಿ ಮುಂದಿನ ವರ್ಷಕ್ಕೆ ಹೋಯಿತು.