ಆಟಿಯ ಮಳೆಯಲ್ಲಿ ಕಟ್ಟಿದ ಬಾಲ್ಸಾ ವಿಮಾನ

ಶಾಲೆ ಶುರುವಾದ ಮೂರನೇ ವಾರ ಪಾರ್ಸೆಲ್ ಬಂತು. ಉದ್ದನೆಯ ರಟ್ಟಿನ ಪೆಟ್ಟಿಗೆ. ಎತ್ತಿದರೆ ಒಳಗೆ ಏನೂ ಇಲ್ಲವೇನೋ ಅನ್ನುವಷ್ಟು ಹಗುರ. ತೆರೆದರೆ ಲೇಸರ್‌ನಲ್ಲಿ ಕತ್ತರಿಸಿದ ಬಾಲ್ಸಾ ಹಾಳೆಗಳು, ಒಂದಷ್ಟು ಪ್ಲೈವುಡ್ ತುಂಡುಗಳು, ಚೌಕದ ಕಡ್ಡಿಗಳು, ಮಡಚಿಟ್ಟ ದೊಡ್ಡ ನಕ್ಷೆ. 1.2 ಮೀಟರ್ ರೆಕ್ಕೆಯ ವಿಮಾನ. ರೆಕ್ಕೆ ಮೇಲ್ಗಡೆ ಕೂರುವ, ಕಲಿಯುವವರಿಗೆಂದೇ ಮಾಡಿದ ರೇಡಿಯೋ ಕಂಟ್ರೋಲ್ ಕಿಟ್.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ವಿಮಾನ ಯಾಕೆ ಹಾರುತ್ತದೆ ಎಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಹೇಳಿದ್ದು ಎಷ್ಟು ಸಲವೋ. ಒಂದು ರೆಕ್ಕೆಯನ್ನಾದರೂ ಕೈಯಾರೆ ಕಟ್ಟಬೇಕು ಎಂದು ತುಂಬಾ ದಿನದಿಂದ ಆಸೆ ಇತ್ತು. ಬೆಂಗಳೂರಲ್ಲಿರುವ ಅಕ್ಕನ ಮಗ ಇಂಥ ವಿಮಾನ ಹಾರಿಸುತ್ತಾನೆ. ಅವನೇ ಕಿಟ್ ಆರಿಸಿಕೊಟ್ಟ.

ಕಟ್ಟಲು ಸಿಕ್ಕಿದ್ದು ತುಳುನಾಡಿನ ಆಟಿ ತಿಂಗಳು, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಜಡಿಮಳೆಯ ಕಾಲ. ಗದ್ದೆ ಕೆಲಸ ಇಲ್ಲ, ತೋಟಕ್ಕೆ ಕಾಲಿಡುವ ಹಾಗಿಲ್ಲ, ಜಿಲ್ಲಾಧಿಕಾರಿಗಳು ರೆಡ್ ಅಲರ್ಟ್ ಅಂತ ಶಾಲೆಗೂ ನಡುನಡುವೆ ರಜೆ ಕೊಡುತ್ತಿದ್ದರು. ಸಮಯವೇನೋ ಬೇಕಾದಷ್ಟು. ಆದರೆ ಬಾಲ್ಸಾಕ್ಕೆ ಇದಕ್ಕಿಂತ ಕೆಟ್ಟ ಕಾಲ ಇಲ್ಲ ಎಂದು ಆಗ ನನಗೆ ಗೊತ್ತಿರಲಿಲ್ಲ. ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಸುರಿಯುವ ಊರಿದು. ಆಟಿಯಲ್ಲಿ ಒಣಗಲು ಹಾಕಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಮರವೂ ಹಾಗೆಯೇ, ಗಾಳಿಯ ತೇವ ಕುಡಿಯುತ್ತಲೇ ಇರುತ್ತದೆ.

ನೆರೆಮನೆಯ ಆಚಾರಿಯವರು ಮೊದಲ ದಿನವೇ ನೋಡಲು ಬಂದರು. ಒಂದು ಹಾಳೆ ಎತ್ತಿ ಉಗುರಿನಿಂದ ಒತ್ತಿದರು. ಗುಳಿ ಬಿತ್ತು.

“ಇದು ಮರವಾ ಟೀಚರೇ? ಬೆಂಡು ಅಲ್ವಾ ಇದು?”

ಮರವೇ. ದಕ್ಷಿಣ ಅಮೆರಿಕದ ಇಕ್ವೆಡಾರ್ ಕಡೆ ಜಾಸ್ತಿ ಬೆಳೆಯುತ್ತಾರೆ. ನಮ್ಮ ಬೂರುಗದ ಮರದ ಬಂಧು ಅದು. ಕಾಯಿ ಒಡೆದರೆ ಬೂರುಗದ ಹಾಗೆಯೇ ಒಳಗಿಂದ ಹತ್ತಿ ಬರುತ್ತದೆ. ಇದನ್ನು ಹೇಳಿದಾಗ ಅವರ ಮುಖದಲ್ಲಿ ಗುರುತು ಹತ್ತಿದ ಹಾಗಾಯಿತು. ಬೂರುಗವನ್ನು ಅವರು ಬೇಕಾದಷ್ಟು ಕೊಯ್ದಿದ್ದಾರೆ. ಎರಡನೇ ಮಹಾಯುದ್ಧದ ಮೊಸ್ಕಿಟೋ ವಿಮಾನದ ಒಡಲಿನಲ್ಲೂ ಇದೇ ಮರ ಇತ್ತು, ಎರಡು ತೆಳು ಬರ್ಚ್ ಪ್ಲೈವುಡ್ ಪದರಗಳ ನಡುವೆ ಬಾಲ್ಸಾ ಇಟ್ಟು ಅಂಟಿಸಿದ್ದರು ಎಂದೂ ಹೇಳಿದೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ಎಳೆ ನೋಡಿದರು. ಆಮೇಲೆ ಉಗುರು ಒತ್ತಲಿಲ್ಲ.

ಅಂಟು ಮುಟ್ಟುವ ಮೊದಲು ನಾನು ಮಾಡಿದ ಕೆಲಸ ತೂಕ. ಚಿನ್ನದ ಅಂಗಡಿಯಲ್ಲಿ ಇರುವಂಥ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ತಂದಿದ್ದೆ. ಎರಡು ಹಾಳೆ, ಒಂದೇ ಅಳತೆ, 75 ಮಿ.ಮೀ. ಅಗಲ, 900 ಉದ್ದ, ಒಂದೂವರೆ ದಪ್ಪ. ಒಂದು 11 ಗ್ರಾಂ, ಇನ್ನೊಂದು 19 ಗ್ರಾಂ. ಕಣ್ಣಿಗೆ ವ್ಯತ್ಯಾಸ ಕಾಣುವುದೇ ಇಲ್ಲ. ಹಗುರವಾದದ್ದನ್ನು ಬಾಲಕ್ಕೆ ಎತ್ತಿಟ್ಟೆ, ಭಾರದ್ದನ್ನು ರೆಕ್ಕೆಯ ಮುಂಭಾಗಕ್ಕೆ. ಬಾಲ ಅಂದರೆ ದೂರದಲ್ಲಿ ತೂಗುವ ತಕ್ಕಡಿ ತಟ್ಟೆ. ಅಲ್ಲಿ 10 ಗ್ರಾಂ ಜಾಸ್ತಿಯಾದರೆ ಸಮತೋಲಕ್ಕೆ ಮೂತಿಯಲ್ಲಿ 30 ಗ್ರಾಂ ಸೇರಿಸಬೇಕಾಗುತ್ತದೆ. ಕಿಟ್ ಕಟ್ಟುವವರು ಯಾರೇ ಇರಲಿ, ಈ ತಕ್ಕಡಿ ಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ.

ಬಾಲ ಸುಲಭ, ಎರಡು ಸಂಜೆಯ ಕೆಲಸ. ನಕ್ಷೆಯನ್ನು ಹಲಗೆಯ ಮೇಲೆ ಹರಡಿ, ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಸಿ, ತುಂಡುಗಳನ್ನು ಗುಂಡುಸೂಜಿಯಿಂದ ನಿಲ್ಲಿಸಿ ಅಂಟು ಹಾಕುವುದು. ಅಂಟು ಎರಡು ಬಗೆಯದು ಬಳಸಿದೆ. ಒಂದು ನಮ್ಮ ಫೆವಿಕಾಲ್ ಥರದ ಬಿಳಿ ಅಂಟು. ಮಳೆಗಾಲದಲ್ಲಿ ಅದಕ್ಕೆ ಒಂದು ರಾತ್ರಿ, ಒಂದು ಹಗಲು ಬಿಡಲೇಬೇಕು. ಇನ್ನೊಂದು ಸೂಪರ್ ಗ್ಲೂ, ನೀರಿನಂಥ ತೆಳುವಾದದ್ದು. ಅದು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಹಾಗಾಗಿ ಆಟಿಯಲ್ಲಿ ತುದಿ ತಾಗಿಸಿದ ಕೂಡಲೇ ಹಿಡಿದುಕೊಳ್ಳುತ್ತದೆ, ಸರಿಸಲು ಸಮಯವೇ ಕೊಡುವುದಿಲ್ಲ. ಎರಡು ತುಂಡು ಬಿಗಿಯಾಗಿ ಸೇರಿಸಿ, ಸಂದಿನ ಒಂದು ತುದಿಗೆ ಒಂದು ಹನಿ ಬಿಟ್ಟರೆ ಸಾಕು. ಕಪ್ಪು ಗೆರೆಯೊಂದು ಸಂದಿನುದ್ದಕ್ಕೂ ತಾನಾಗಿ ಓಡುವುದು ಕಾಣುತ್ತದೆ. ಗೆರೆ ಎಲ್ಲಿ ನಿಂತಿತೋ ಅಲ್ಲಿ ಸಂದು ಬಿಗಿ ಇಲ್ಲ ಎಂದು ಅರ್ಥ. ಆ ಗೆರೆ ಓಡುವುದನ್ನು ನೋಡುವುದೇ ನನಗೆ ಒಂದು ಖುಷಿ ಆಗಿಬಿಟ್ಟಿತ್ತು. ಹೊಗೆ ಮಾತ್ರ ಕಣ್ಣಿಗೆ ಉರಿ, ಕಿಟಕಿ ತೆರೆದೇ ಇಡಬೇಕು. ಬಾಟಲಿಯನ್ನು ಗಟ್ಟಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟೆ. ಹೊರಗಿಟ್ಟಿದ್ದ ಮೊದಲ ಬಾಟಲಿ ಒಂದೇ ವಾರಕ್ಕೆ ಕಲ್ಲಾಗಿತ್ತು.

ರೆಕ್ಕೆ ಹಾಗಲ್ಲ. ಅಲ್ಲಿ ಕೆಲಸವೂ ಜಾಸ್ತಿ, ಜವಾಬ್ದಾರಿಯೂ ಜಾಸ್ತಿ. ಹೆಂಚಿನ ಮಾಡು ನೋಡಿದವರಿಗೆ ಅರ್ಥ ಆಗುತ್ತದೆ. ಉದ್ದಕ್ಕೆ ಹೋಗುವ ಸ್ಪಾರ್ ಅಂದರೆ ಮಾಡಿನ ತೊಲೆ. ಅಡ್ಡಕ್ಕೆ ಸಾಲಾಗಿ ನಿಲ್ಲುವ ರಿಬ್‌ಗಳು ಪಕ್ಕಾಸು. ಮೇಲೊಂದು ಸ್ಪಾರ್, ಕೆಳಗೊಂದು ಸ್ಪಾರ್, ನಡುವೆ ಸಣ್ಣ ಸಣ್ಣ ಬಾಲ್ಸಾ ತುಂಡುಗಳ ಗೋಡೆ. ಈ ತುಂಡುಗಳ ಎಳೆ ಮಲಗಿರಬಾರದು, ನಿಂತಿರಬೇಕು. ವಿಮಾನ ತಿರುಗುವಾಗ ಎರಡು ಸ್ಪಾರ್‌ಗಳು ಒಂದರ ಕಡೆಗೊಂದು ಒತ್ತಿಕೊಳ್ಳುತ್ತವೆ. ನಿಂತ ಎಳೆ ಅದನ್ನು ತಡೆಯುತ್ತದೆ, ಮಲಗಿದ ಎಳೆ ಜಜ್ಜಿಹೋಗುತ್ತದೆ. ಆಮೇಲೆ ರೆಕ್ಕೆಯ ಮುಂಭಾಗಕ್ಕೆ ಮೇಲೆ ಕೆಳಗೆ ಹಾಳೆ ಮುಚ್ಚುವುದು. ಹಾಳೆ ಮುಚ್ಚುವವರೆಗೆ ರೆಕ್ಕೆಯನ್ನು ಕೈಯಲ್ಲಿ ಹೇಗೆ ಬೇಕಾದರೂ ತಿರುಚಬಹುದು. ಮುಚ್ಚಿದ ಮೇಲೆ ಅದು ಕೊಳವೆಯ ಹಾಗೆ ಗಟ್ಟಿ. ಅಂಟಿಸುವ ಗಳಿಗೆಯಲ್ಲಿ ಯಾವ ಆಕಾರದಲ್ಲಿತ್ತೋ ಆ ಆಕಾರದಲ್ಲೇ ಉಳಿಯುತ್ತದೆ, ನೆಟ್ಟಗಿದ್ದರೆ ನೆಟ್ಟಗೆ, ಸೊಟ್ಟಗಿದ್ದರೆ ಸೊಟ್ಟಗೆ.

ಎಡ ರೆಕ್ಕೆಯ ಮೇಲಿನ ಹಾಳೆ ಮರುದಿನ ಅಂಟಿಸುವುದೆಂದು ಇಟ್ಟಿದ್ದೆ. ಆ ಸಂಜೆ ಆಚಾರಿಯವರು ಬಂದರು. ಸ್ವಲ್ಪ ಹೊತ್ತು ದೂರದಿಂದ ನೋಡಿದರು. ಆಮೇಲೆ ಮನೆಗೆ ಹೋಗಿ ಎರಡು ಪಟ್ಟಿ ತಂದರು. ಒಂದಡಿ ಉದ್ದದ, ಗೆರೆ ಹೊಡೆದಷ್ಟು ನೇರ ಹೆರೆದ ತೇಗದ ಪಟ್ಟಿಗಳು. ಒಂದನ್ನು ರೆಕ್ಕೆಯ ಬುಡದಲ್ಲಿ ಅಡ್ಡ ಇಟ್ಟರು, ಇನ್ನೊಂದನ್ನು ತುದಿಯಲ್ಲಿ. ಮೊಣಕಾಲೂರಿ ಕೂತು, ಒಂದು ಕಣ್ಣು ಮುಚ್ಚಿ, ಬುಡದ ಪಟ್ಟಿಯ ಮೇಲಂಚಿನಿಂದ ತುದಿಯ ಪಟ್ಟಿಯ ಮೇಲಂಚನ್ನು ನೋಡಿದರು.

“ರೆಕ್ಕೆ ಸೊಟ್ಟ ಉಂಟು ಟೀಚರೇ.”

ನಾನೂ ಕೂತು ನೋಡಿದೆ. ಮುಂದಿನ ಕಡೆ ಎರಡು ಅಂಚೂ ಒಂದಾಗಿದ್ದವು. ಹಿಂದಿನ ಕಡೆ ದೂರದ ಪಟ್ಟಿ ಕೆಳಗೆ ಇಳಿದಿತ್ತು. ಸುಮ್ನೆ ನೋಡಿದರೆ ಕಾಣದ ತಪ್ಪು, ಆ ಎರಡು ಪಟ್ಟಿಯ ನಡುವೆ ಬಾಗಿಲು ತೆರೆದಷ್ಟು ಸ್ಪಷ್ಟ. ಅಳೆದರೆ 4 ಮಿ.ಮೀ. ಬಾಗಿಲು, ಕಿಟಕಿಯ ಚೌಕಟ್ಟು ನೋಡುವುದು ಹೀಗೆಯೇ, ಅವರಪ್ಪ ಕಲಿಸಿದ್ದು ಎಂದರು.

ತಪ್ಪು ರೆಕ್ಕೆಯದ್ದಲ್ಲ, ಹಲಗೆಯದ್ದು. ನಾನು ಬಳಸಿದ 12 ಮಿ.ಮೀ. ಪ್ಲೈವುಡ್ ಹಲಗೆಯನ್ನು ರಾತ್ರಿ ಗೋಡೆಗೆ ಒರಗಿಸಿ ಇಡುತ್ತಿದ್ದೆ. ಗೋಡೆ ಮುರಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆಯದು, ಮಳೆಗೆ ಬೆವರುತ್ತದೆ. ಹಲಗೆಯ ಒಂದು ಮೂಲೆ ಎದ್ದಿತ್ತು. ಸೊಟ್ಟ ಹಲಗೆಯ ಮೇಲೆ ನಾನು ಎಷ್ಟು ಶ್ರದ್ಧೆಯಿಂದ ಸೂಜಿ ಚುಚ್ಚಿದರೂ ಬರುವುದು ಸೊಟ್ಟ ರೆಕ್ಕೆಯೇ.

4 ಮಿ.ಮೀ. ಏನು ಮಹಾ ಅನ್ನಬಹುದು. ರೆಕ್ಕೆಯ ತುದಿಯಲ್ಲಿ ಹಿಂದಿನ ಅಂಚು ಸ್ವಲ್ಪ ಮೇಲಿರಬೇಕು, ನಮ್ಮ ನಕ್ಷೆಯಲ್ಲಿ 3 ಮಿ.ಮೀ. ಎಂದಿತ್ತು. ಆಗ ವೇಗ ಕಡಿಮೆಯಾದರೂ ರೆಕ್ಕೆಯ ಬುಡ ಮೊದಲು ಸೋಲುತ್ತದೆ, ಅಂದರೆ ಎತ್ತುವ ಬಲ ಕಳೆದುಕೊಳ್ಳುತ್ತದೆ, ತುದಿಗಳು ಗಾಳಿಯನ್ನು ಹಿಡಿದುಕೊಂಡೇ ಇರುತ್ತವೆ, ವಿಮಾನ ಸಮನಾಗಿ ಇಳಿಯುತ್ತದೆ. ನನ್ನ ಎಡ ರೆಕ್ಕೆಯಲ್ಲಿ ಅಂಚು ಕೆಳಗಿತ್ತು. ಬಲ ರೆಕ್ಕೆ ಸರಿ ಇತ್ತು. ಹಾಗೇ ಹಾರಿಸಿದ್ದರೆ ಇಳಿಸಲು ನಿಧಾನ ಮಾಡಿದಾಗ ಎಡ ತುದಿ ಮೊದಲು ಸೋತು, ವಿಮಾನ ಎಡಕ್ಕೆ ಮಗುಚುತ್ತಿತ್ತು. ಅದೂ ನೆಲದ ಹತ್ತಿರ, ಸರಿಪಡಿಸಲು ಎತ್ತರವೇ ಇಲ್ಲದ ಜಾಗದಲ್ಲಿ.

ಹಾಳೆ ಮುಚ್ಚಿರಲಿಲ್ಲ ಅನ್ನುವುದೇ ದೊಡ್ಡ ಪುಣ್ಯ. ಸ್ಪಾರ್‌ಗಳ ನಡುವಿನ ತುಂಡುಗಳನ್ನು ತೆಳು ಬ್ಲೇಡಿನಿಂದ ಬಿಡಿಸಿದೆ. ಟೀಪಾಯಿಯ ದಪ್ಪ ಗಾಜನ್ನು ನೆಲದ ಮೇಲಿಟ್ಟು, ಅದರ ಮೇಲೆ ನಕ್ಷೆ, ಅದರ ಮೇಲೆ ರೆಕ್ಕೆ. ಗಾಜಿಗೆ ಸೂಜಿ ಹೋಗುವುದಿಲ್ಲ, ಹಾಗಾಗಿ ಮರಳು ತುಂಬಿದ ಪುಟ್ಟ ಚೀಲಗಳನ್ನು ಭಾರಕ್ಕೆ ಇಟ್ಟೆ. ತುದಿಯಲ್ಲಿ ಹಿಂದಿನ ಅಂಚಿನ ಕೆಳಗೆ 3 ಮಿ.ಮೀ. ಬಾಲ್ಸಾ ಚೂರು. ಹೊಸ ತುಂಡುಗಳು, ಬಿಳಿ ಅಂಟು, ಮೇಲಿನ ಹಾಳೆ. ಎರಡು ಹಗಲು, ಎರಡು ರಾತ್ರಿ ಮುಟ್ಟಲಿಲ್ಲ. ಭಾರ ತೆಗೆದು ಪಟ್ಟಿ ಇಟ್ಟು ನೋಡಿದಾಗ ನಕ್ಷೆ ಹೇಳಿದಷ್ಟೇ ಏರು. ಬಲ ರೆಕ್ಕೆಗೂ ಅದಕ್ಕೂ ಒಂದು ಮಿ.ಮೀ. ವ್ಯತ್ಯಾಸ ಉಳಿಯಿತು.

ಎರಡು ರೆಕ್ಕೆ ಸೇರಿಸಲು ಪ್ಲೈವುಡ್ ಪಟ್ಟಿ ಮತ್ತು ಅರ್ಧ ಗಂಟೆಯಲ್ಲಿ ಹಿಡಿಯುವ ಎಪಾಕ್ಸಿ. ಇಲ್ಲಿ ಸೂಪರ್ ಗ್ಲೂ ನಂಬಬೇಡಿ. ಒಂದು ರೆಕ್ಕೆ ಚಪ್ಪಟೆ ಮಲಗಿಸಿ, ಇನ್ನೊಂದರ ತುದಿಯನ್ನು 10 ಸೆಂ.ಮೀ. ಎತ್ತರಕ್ಕೆ ಪುಸ್ತಕಗಳ ಮೇಲೆ ಇಟ್ಟೆ. ಒಡಲು ಬೇಗ ಮುಗಿಯಿತು. ಮೋಟಾರ್ ಕೂರುವ ಪ್ಲೈವುಡ್ ಗೋಡೆ ಮಾತ್ರ ಸ್ವಲ್ಪ ಬಲಕ್ಕೆ, ಸ್ವಲ್ಪ ಕೆಳಕ್ಕೆ ನೋಡುವಂತೆ ಇರುತ್ತದೆ. ತಪ್ಪಾಗಿದೆ ಎಂದು ನೆಟ್ಟಗೆ ಮಾಡಬಾರದು, ಪ್ರೊಪೆಲ್ಲರ್‌ನ ಎಳೆತಕ್ಕೆ ಹಾಗೆ ಬೇಕು. ಬಾಲ ಸರಿಯಾಗಿ ಕೂತಿದೆಯೇ ಎಂದು ಮನೆಗೆ ಪಂಚಾಂಗ ಹಾಕುವಾಗ ಮೂಲೆ ನೋಡುವಂತೆ ದಾರ ಹಿಡಿದು ನೋಡಿದೆ. ಮೂತಿಯ ನಡುವಿನಿಂದ ಬಾಲದ ಎಡ ತುದಿಗೆ ಎಷ್ಟೋ, ಬಲ ತುದಿಗೂ ಅಷ್ಟೇ ಬರಬೇಕು.

ಬಣ್ಣದ ಹೊದಿಕೆಗೆ ಮಳೆ ನಿಲ್ಲುವವರೆಗೆ ಕಾದೆ. ಅಕ್ಟೋಬರ್ ಕೊನೆಗೆ ನಾಲ್ಕು ದಿನ ಚೆನ್ನಾಗಿ ಬಿಸಿಲು ಬಂತು. ಚೌಕಟ್ಟನ್ನು ಅಡಿಕೆ ಒಣಗಿಸುವ ಅಂಗಳದ ಪಕ್ಕ ನೆರಳಿನಲ್ಲಿ ಇಟ್ಟು, 220 ಮತ್ತು 400 ನಂಬರಿನ ಉಪ್ಪುಕಾಗದದಿಂದ ಉಜ್ಜಿದೆ. ಹೊದಿಕೆ ಅಂದರೆ ಬಿಸಿಗೆ ಕುಗ್ಗುವ ಫಿಲ್ಮ್. ಕಡಿಮೆ ಬಿಸಿಯ ಇಸ್ತ್ರಿಯಿಂದ ಮೊದಲು ಅಂಚುಗಳನ್ನು ಅಂಟಿಸುವುದು, ಆಮೇಲೆ ಬಿಸಿ ಹೆಚ್ಚಿಸಿ ನಡುಭಾಗ ಬಿಗಿ ಮಾಡುವುದು. ಉಳಿದಿದ್ದ ಒಂದು ಮಿ.ಮೀ. ಇಲ್ಲೇ ಹೋಯಿತು. ಅಕ್ಕನ ಮಗ ರೆಕ್ಕೆಯನ್ನು ಬೇಕಾದ ಕಡೆಗೆ ತಿರುಚಿ ಹಿಡಿದುಕೊಂಡ, ನಾನು ಫಿಲ್ಮ್‌ಗೆ ಬಿಸಿ ಕೊಟ್ಟೆ, ತಣ್ಣಗಾಗುವವರೆಗೆ ಅವನು ಬಿಡಲಿಲ್ಲ. ಕುಗ್ಗಿದ ಫಿಲ್ಮ್ ರೆಕ್ಕೆಯನ್ನು ಹಾಗೆಯೇ ಹಿಡಿದಿಟ್ಟಿತು. ಕೆಳಗಡೆಗೆ ಕಡು ನೀಲಿ, ಮೇಲ್ಗಡೆಗೆ ಹಳದಿ ಹಾಕಿದೆವು, ಆಕಾಶದಲ್ಲಿ ಯಾವ ಕಡೆ ಮೇಲೆ ಎಂದು ತಿಳಿಯಲು.

ಒಳಗಿನ ಸಾಮಾನು: 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಬ್ರಷ್‌ಲೆಸ್ ಮೋಟಾರ್, ಅದರ ವೇಗ ಹತೋಟಿಯಲ್ಲಿಡುವ 30 ಆಂಪಿಯರ್ ಇಎಸ್‌ಸಿ, ರೆಕ್ಕೆ ಮತ್ತು ಬಾಲದ ಚಲಿಸುವ ಭಾಗಗಳನ್ನು ತಿರುಗಿಸುವ 9 ಗ್ರಾಂನ ನಾಲ್ಕು ಸರ್ವೋ, ಮೂರು ಸೆಲ್‌ನ 2200 ಎಂಎಎಚ್ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ. ಇದೆಲ್ಲ ಸೇರಿ ಇಡೀ ವಿಮಾನದ ತೂಕ 1040 ಗ್ರಾಂ. ರೆಕ್ಕೆಯ ಅಗಲ 20 ಸೆಂ.ಮೀ. ಸಮತೋಲದ ಜಾಗ ಅದರ ಕಾಲುಭಾಗ ಮತ್ತು ಮೂರನೇ ಒಂದು ಭಾಗದ ನಡುವೆ ಬರಬೇಕು. ರೆಕ್ಕೆಯ ಮುಂದಿನ ಅಂಚಿನಿಂದ 55 ಮಿ.ಮೀ. ಹಿಂದೆ ಎರಡು ಬೆರಳ ತುದಿ ಇಟ್ಟು ಎತ್ತಿದೆ, ಬ್ಯಾಟರಿ ಒಂದಿಂಚು ಮುಂದೆ ಸರಿಸಿದಾಗ ಸಮ ನಿಂತಿತು. ಸೀಸದ ತುಂಡು ಒಂದೂ ಬೇಕಾಗಲಿಲ್ಲ. ತಕ್ಕಡಿ ಹಿಡಿದು ಕೂತ ಆ ಮೊದಲ ಸಂಜೆಯ ಕೆಲಸಕ್ಕೆ ಅಲ್ಲಿ ಫಲ ಸಿಕ್ಕಿತು.

ಹಾರಿಸುವ ಮೊದಲು ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲಿ ಒಂದು ತಿಂಗಳು ದಿನಾ ಅರ್ಧ ಗಂಟೆ ಕಲಿತೆ. ವಿಮಾನ ನಮ್ಮ ಕಡೆ ಬರುವಾಗ ಎಡಬಲ ಅದಲು ಬದಲಾಗುತ್ತದೆ, ಅದು ಕೈಗೆ ಹತ್ತಬೇಕು. 2021ರ ಡ್ರೋನ್ ನಿಯಮ ಬಂದ ಮೇಲೆ ಜಾಗವನ್ನೂ ನಕ್ಷೆಯಲ್ಲಿ ನೋಡಿಕೊಳ್ಳಬೇಕು. ಮೊದಲೇ ಅನುಮತಿ ಬೇಡದ ಹಸಿರು ವಲಯದಲ್ಲಿ ಮಿತಿ 400 ಅಡಿ, ಅಂದರೆ 120 ಮೀಟರ್. ನಮಗೆ ಅಷ್ಟು ಎತ್ತರ ಬೇಕಾಗಿಯೂ ಇರಲಿಲ್ಲ.

ಮೊದಲು ಊರಿನ ಪದವು, ಅಂದರೆ ಗುಡ್ಡದ ಮೇಲಿನ ಮುರಕಲ್ಲಿನ ಬಯಲು ನೋಡಿದೆವು. ವಿಶಾಲ ಇದೆ, ಆದರೆ ಇಳಿಸಿದರೆ ಮುರಕಲ್ಲು ಒಡಲನ್ನು ಸೀಳಿಬಿಡುತ್ತದೆ. ಕೊನೆಗೆ ಏಣೆಲು, ಅಂದರೆ ಮಳೆಗಾಲದ ಭತ್ತ, ಕೊಯ್ದ ಬಾಕಿಮಾರು ಗದ್ದೆಯೇ ಸರಿ ಎಂದಾಯಿತು. ಡಿಸೆಂಬರಿನ ಒಂದು ಭಾನುವಾರ, ಬೆಳಗ್ಗೆ ಏಳು ಗಂಟೆ. ತೆಂಗಿನ ಗರಿ ಅಲುಗುತ್ತಿರಲಿಲ್ಲ. ಮೂವತ್ತು ಹೆಜ್ಜೆ ದೂರ ಹೋಗಿ ರೇಡಿಯೋ ಪರೀಕ್ಷಿಸಿದೆವು. ಅಕ್ಕನ ಮಗ ಕೈಯಿಂದ ಎಸೆದ.

ಅದು ಏರಿತು. ಅಡಿಕೆ ತೋಟದ ತಲೆ ದಾಟುವಾಗ ಸ್ವಲ್ಪ ಬಲಕ್ಕೆ ವಾಲಿತು, ದಿಕ್ಕನ್ನು ಸ್ವಲ್ಪವೇ ತಿದ್ದುವ ರೇಡಿಯೋದ ಟ್ರಿಮ್ ಒಂದು ಕ್ಲಿಕ್ ಕೊಟ್ಟೆ, ಸರಿಹೋಯಿತು. ಸಾಕಷ್ಟು ಎತ್ತರ ಹೋದ ಮೇಲೆ “ಚಿಕ್ಕಮ್ಮಾ, ಈಗ ಮೋಟಾರ್ ನಿಲ್ಸಿ, ಸ್ಟಿಕ್‌ನಿಂದ ಕೈ ತೆಗೀರಿ” ಎಂದ. ತೆಗೆದೆ. ಸದ್ದು ನಿಂತಿತು. ವಿಮಾನ ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಗದ್ದೆಯ ಉದ್ದಕ್ಕೆ ನೇರ ತೇಲಿಕೊಂಡು ಬಂತು. ಆಮೇಲೆ ಬೇಕೆಂದೇ ವೇಗ ಕಡಿಮೆ ಮಾಡಿ ಮೂತಿ ಎತ್ತಿ ಹಿಡಿದೆ. ಅದು ಮಗುಚಲಿಲ್ಲ, ಮೂತಿಯನ್ನು ಮೆಲ್ಲನೆ ಇಳಿಸಿ ಮತ್ತೆ ಹಾರಿತು. ನನ್ನ ಕಣ್ಣು ತುಂಬಿ ಬಂತು.

ಇಳಿಸುವಾಗ ಚಕ್ರ ಕೂಳೆಗೆ ಸಿಕ್ಕಿ ಮೂತಿ ಊರಿತು, ಪ್ರೊಪೆಲ್ಲರ್ ಮುರಿಯಿತು. ಬೇರೆ ಇತ್ತು, ಹಾಕಿದೆವು. ಅಷ್ಟರಲ್ಲಿ ಆಚಾರಿಯವರು ಗದ್ದೆಯ ಅಂಚಿನ ಹುಣಿಯ ಮೇಲೆ ನಡೆದು ಬಂದರು. ಹಾರಾಟ ಹೇಗಾಯಿತು ಎಂದು ಕೇಳಲಿಲ್ಲ.

“ಎಡದ ರೆಕ್ಕೆ ಹೇಗುಂಟು?”

“ನೇರ ಉಂಟು ಆಚಾರ್ರೇ. ನೀವೇ ನೋಡಿ” ಎಂದು ಎರಡನೇ ಸಲ ಹಾರಿಸಿದೆ. ಅವರು ಕೈಯನ್ನು ಹಣೆಗೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿಯೇ ನೋಡಿದರು. ಮುಂದಿನ ಕಿಟ್‌ಗೆ ಹಲಗೆ ತಾನೇ ಮಾಡಿಕೊಡುತ್ತೇನೆ ಎಂದಿದ್ದಾರೆ. ಅವರ ಅಟ್ಟದಲ್ಲಿ ಎಷ್ಟೋ ವರ್ಷದಿಂದ ಒಣಗುತ್ತಿರುವ ಹೆಬ್ಬಲಸಿನ ಹಲಗೆಯೊಂದಿದೆಯಂತೆ.