ಒಬ್ಬರಿಗೊಬ್ಬರು ಬೇಕಾಗುವ ತರಗತಿ: ನನ್ನ ಅನುಭವ

ಒಂಬತ್ತನೇ ತರಗತಿಯ ಮಕ್ಕಳಿಗೆ "ಎಲ್ಲರ ಜೊತೆ ಚೆನ್ನಾಗಿರಿ" ಅಂದರೆ ತಲೆ ಆಡಿಸುತ್ತಾರೆ. ಬಿಡುವಿನ ಗಂಟೆ ಹೊಡೆದ ಕೂಡಲೇ ಅದೇ ಗುಂಪುಗಳು, ಒಂಟಿಯಾಗಿ ನಿಲ್ಲುವ ಅದೇ ಮಕ್ಕಳು. ಆ ವಯಸ್ಸಿನಲ್ಲಿ ಟೀಚರ್ ಮಾತಿಗಿಂತ ಪಕ್ಕದಲ್ಲಿ ಕೂತವರ ನಗುವಿಗೇ ಬೆಲೆ ಜಾಸ್ತಿ. ಹಾಗಾಗಿ ನಾನು ಉಪದೇಶಕ್ಕೆ ಹೋಗಲಿಲ್ಲ. ಒಬ್ಬರಿಗೊಬ್ಬರು ಬೇಕೇ ಬೇಕು ಅನ್ನುವಂಥ ಕೆಲಸ ಕೊಟ್ಟೆ.

ಬಳಸಿದ್ದು ಜಿಗ್ಸಾ ಪದ್ಧತಿ. ಮನಶ್ಶಾಸ್ತ್ರಜ್ಞ ಎಲಿಯಟ್ ಅರಾನ್ಸನ್ 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಿಗಾಗಿ ಇದನ್ನು ರೂಪಿಸಿದರು. ಬೇರೆ ಬೇರೆ ಜನಾಂಗದ ಮಕ್ಕಳು ಹೊಸದಾಗಿ ಒಂದೇ ತರಗತಿಗೆ ಬಂದು, ಜಗಳ ಹೆಚ್ಚಿದ್ದ ಕಾಲ ಅದು.

ಪಾಠವನ್ನು ಐದು ಭಾಗ ಮಾಡುತ್ತೇನೆ. ಐದು ಜನರ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಭಾಗ. ಒಂದೇ ಭಾಗ ಸಿಕ್ಕವರೆಲ್ಲ ಮೊದಲು ಸೇರಿ ಓದುತ್ತಾರೆ, ಚರ್ಚಿಸುತ್ತಾರೆ. ಆಮೇಲೆ ತಮ್ಮ ಗುಂಪಿಗೆ ಮರಳಿ ಉಳಿದವರಿಗೆ ಕಲಿಸಬೇಕು. ಪರೀಕ್ಷೆ ಮಾತ್ರ ಇಡೀ ಪಾಠದ ಮೇಲೆ. ಅಂದರೆ ಯಾರನ್ನು ಮೂಲೆಗೆ ತಳ್ಳಿದ್ದರೋ ಅವರ ಮಾತನ್ನೂ ಕೇಳದೆ ವಿಧಿಯಿಲ್ಲ. ಗುಂಪು ಮಾಡುವುದು ನಾನೇ. ಮಕ್ಕಳಿಗೇ ಬಿಟ್ಟರೆ ಕೊನೆಯಲ್ಲಿ ಯಾರು ಉಳಿಯುತ್ತಾರೆ ಅಂತ ಎಲ್ಲರಿಗೂ ಗೊತ್ತಿರುತ್ತದೆ, ಅಲ್ವಾ?

ಒಮ್ಮೆ ಮೆಲುದನಿಯ ಹುಡುಗಿಯೊಬ್ಬಳು ಹೇಳಲಾಗದೆ ತಡವರಿಸಿದಳು. "ಬೇಗ ಹೇಳೇ" ಅಂತ ಒಬ್ಬ ಗದರಿದ. ನಾನು ಅವನಿಗೆ ಬೈಯಲಿಲ್ಲ. "ಅವಳಿಗೆ ಗೊತ್ತಿರೋದು ನಿನಗೆ ಬೇಕು. ಏನು ಕೇಳಿದರೆ ಅವಳಿಗೆ ಹೇಳೋಕೆ ಸುಲಭ ಆಗುತ್ತೆ, ಯೋಚಿಸು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಮೊದಲು ಏನಾಯ್ತು?" ಅಂತ ಕೇಳಿದ. ಅವಳು ಹೇಳತೊಡಗಿದಳು. ಸಿಟ್ಟು ತಡೆದುಕೊಳ್ಳುವುದು, ಇನ್ನೊಬ್ಬರ ಕಷ್ಟ ಗಮನಿಸುವುದು ಎಂದು ನಾವು ಪಟ್ಟಿ ಮಾಡುವ ಕೌಶಲಗಳಿಗೆ ಇಂಥ ಗಳಿಗೆಗಳಲ್ಲೇ ನಿಜವಾದ ಅಭ್ಯಾಸ ಸಿಗುತ್ತದೆ ಅನ್ನುವುದು ನನ್ನ ನಂಬಿಕೆ.

ಕೊನೆಯಲ್ಲಿ ಚೀಟಿಯಲ್ಲಿ ಒಂದೇ ಪ್ರಶ್ನೆ: ಇವತ್ತು ಯಾರ ಮಾತಿನಿಂದ ನಿನಗೆ ಪಾಠ ಅರ್ಥವಾಯಿತು? ಯಾರ ಹೆಸರು ಎಂದೂ ಬರುವುದಿಲ್ಲವೋ ಅವರ ಮೇಲೆ ನನ್ನ ಕಣ್ಣು ಇರುತ್ತದೆ.

ಆದರೆ ಕಾಡಿಸುವವರನ್ನೂ ಕಾಡಿಸಿಕೊಳ್ಳುವವರನ್ನೂ ಸುಮ್ನೆ ಒಂದೇ ಗುಂಪಿಗೆ ಹಾಕಿ "ರಾಜಿ ಆಗಿ" ಅನ್ನಬಾರದು. ಅದು ಇಬ್ಬರ ಜಗಳವಲ್ಲ, ಒಬ್ಬರ ಮೇಲಿನ ದಬ್ಬಾಳಿಕೆ. ಅಲ್ಲಿ ಬೇರೆ ಬೇರೆಯಾಗಿ ಕೂರಿಸಿ ಮಾತಾಡುತ್ತೇನೆ, ಪೋಷಕರನ್ನೂ ಕರೆಸುತ್ತೇನೆ.

ಇನ್ನೊಂದು ಮಾತನ್ನು ವರ್ಷದ ಮೊದಲಲ್ಲೇ ಹೇಳಿಬಿಡುತ್ತೇನೆ. ಸ್ನೇಹಿತರು ಸಾಯುವ ಮಾತಾಡಿದರೆ ಗುಟ್ಟಾಗಿ ಇಟ್ಟುಕೊಳ್ಳಬೇಡಿ, ತಕ್ಷಣ ದೊಡ್ಡವರಿಗೆ ಹೇಳಿ. ಯಾರಿಗೆ ಹೇಳಬೇಕು ಅನ್ನುವ ಹೆಸರುಗಳನ್ನೂ ಬೋರ್ಡಿನ ಮೇಲೆ ಬರೆದು ಕೊಡುತ್ತೇನೆ.